ಗುದ್ದದ ಈರುಳ್ಳಿ

ಅಣ್ಣ ಬದುಕಿದ್ದಾನೆಂದು ಗೊತ್ತಿದ್ದೂ, ಸತ್ತವರ ಸಾಲಿನಲ್ಲಿ ಅವನಿಗೂ ಒಂದು ಎಲೆ ಹಾಕಿಸಿದವಳು ನಾನು. ಅತ್ತಿಗೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಬಂದರೆ ದಾರಿಯಲ್ಲಿ ಎಲ್ಲಾದರೂ ನನ್ನನ್ನು ನಾನೇ ಕ್ಷಮಿಸಿಕೊಂಡುಬಿಟ್ಟೇನು.

ನಿನ್ನ ಗಂಡ ಮಾದೇಶ ಬಂಡೀಪುರದ ಕಾಡಿನಲ್ಲಿ ಸಾಯಲಿಲ್ಲ. ಆನೆ ತುಳಿಯಲಿಲ್ಲ, ಹುಲಿ ಎಳೆದುಕೊಂಡು ಹೋಗಲಿಲ್ಲ. ಅಲ್ಲಿಂದ ಮುಂದೆ ನಾಲ್ಕೂವರೆ ವರ್ಷ ಬದುಕಿದ್ದ. ಅದರಲ್ಲಿ ಮೂರು ವರ್ಷ ಅವನು ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಅವನ ಕೈಯಡುಗೆ ಉಣ್ಣುತ್ತಿದ್ದೆ — ಅದನ್ನು ಅಡುಗೆ ಎನ್ನಬಹುದಾದರೆ.

ಭೀಮನಬೀಡಿನಲ್ಲಿ ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು. ಇದನ್ನು ಈಗಲೂ ತಲೆ ಎತ್ತಿಯೇ ಹೇಳುತ್ತೇನೆ. ಅದೊಂದು ವಿಷಯದಲ್ಲಿ ನಾಚಿಕೆಪಡಲು ನನಗೆ ಬರುವುದಿಲ್ಲ. ಚಾಮರಾಜನಗರದ ಹಾಸ್ಟೆಲಿನಲ್ಲಿ ಮೂರು ವರ್ಷ ಎರಡೇ ಜೊತೆ ಬಟ್ಟೆಯಲ್ಲಿ ಓದಿದೆ. ಓದಿಸಿದವನು ಅಣ್ಣ. ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ತರಕಾರಿ, ಈರುಳ್ಳಿ ತುಂಬಿದ ಲಾರಿಯನ್ನು ಕೇರಳಕ್ಕೆ ಓಡಿಸುತ್ತಿದ್ದ. ವಾರಕ್ಕೊಮ್ಮೆ ಹಾಸ್ಟೆಲಿನ ಗೇಟಿನ ಹತ್ತಿರ ಬಂದು, "ಏನಮ್ಮಿ, ಯಾವಾಗ ಸಂಬಳ್ದೋಳಾಗೀಯೆ?" ಎನ್ನುತ್ತಿದ್ದ. ನನ್ನ ಕೊನೆಯ ವರ್ಷದ ಪರೀಕ್ಷೆಗೆ ಎರಡು ತಿಂಗಳಿದ್ದಾಗ ಅವನ ಲಾರಿ ಬಂಡೀಪುರದ ರಸ್ತೆ ಬದಿಯಲ್ಲಿ ಸಿಕ್ಕಿತು. ಬಾಗಿಲು ತೆರೆದಿತ್ತು. ಹೆಗಲ ಟವೆಲ್ಲು ಸೀಟಿನ ಮೇಲಿತ್ತು. ಅವನಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು, ಕಾಡಿನವರು ಹುಡುಕಿದರು. ಒಂದು ಚಪ್ಪಲಿಯೂ ಸಿಗಲಿಲ್ಲ. ಊರು ತೀರ್ಮಾನ ಮಾಡಿತು — ಕಾಡು ತಿಂದುಕೊಂಡಿತು.

ನೀನು ಮಾತ್ರ ಒಪ್ಪಲಿಲ್ಲ. ಮಾವನ ಮಗಳು ನೀನು, ಸೊಸೆಯಾಗಿ ನಮ್ಮನೆಗೆ ಬಂದು ಆಗ ಐದು ವರ್ಷ. ಮಕ್ಕಳಾಗಿರಲಿಲ್ಲ. ನಿನ್ನ ಪ್ರಾಯ ಇಪ್ಪತ್ತನಾಲ್ಕು. ದಿನಾ ಸಂಜೆ ನೀನು ಅವನ ತಟ್ಟೆ ತೊಳೆದು ಒಲೆಯ ಪಕ್ಕ ಬೋರಲು ಹಾಕುತ್ತಿದ್ದೆ. ಅವ್ವ ಬೈದರೂ ಹಾಕುತ್ತಿದ್ದೆ.

ನಾನು ಪಾಸಾದೆ. ಮೈಸೂರಿನ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅವನು ಹೋಗಿ ಒಂದೂವರೆ ವರ್ಷವಾಗಿತ್ತು; ನಮ್ಮ ಮ್ಯಾನೇಜರ್ ಮಗಳು ಮೆಡಿಕಲ್ ಸೀಟು ತೆಗೆದುಕೊಂಡ ಖುಷಿಗೆ ಆಫೀಸಿನವರಿಗೆಲ್ಲ ಊಟ ಕೊಡಿಸಿದರು. ಇಟಲಿ ದೇಶದ ಊಟದ ಹೋಟೆಲು. ಯೋಗ ಕಲಿಯಲು ಬಂದ ಬಿಳಿಯರೇ ತುಂಬಿಕೊಂಡಿದ್ದ ಒಂದು ಗಿಜಿಗಿಜಿ ಬಡಾವಣೆ. ಭಾನುವಾರ ಮಧ್ಯಾಹ್ನ ಜಾಗಕ್ಕೆ ಫುಟ್‌ಪಾತಿನ ಮೇಲೆ ಸಾಲು ನಿಲ್ಲಬೇಕು. ಒಳಗೆ ಹೋದರೆ ಹೊರಗಿನ ಹಾರ್ನು, ಗಲಾಟೆ ಯಾವುದೂ ಕೇಳಿಸದು. ಮಟಮಟ ಮಧ್ಯಾಹ್ನದಲ್ಲೂ ಮೇಜಿನ ಮೇಲೆ ಮೇಣದ ಬತ್ತಿ ಉರಿಯುತ್ತಿತ್ತು. ಹಗಲು ಹೊತ್ತು ದೀಪ ಹಚ್ಚಿ ಊಟ ಬಡಿಸುವುದು ನಮ್ಮಲ್ಲಿ ಸತ್ತವರಿಗೆ ಅಂತ ನಿನಗೆ ಗೊತ್ತಲ್ಲ... ಹೆದರಿದ್ದನ್ನು ತೋರಿಸಿಕೊಳ್ಳಲಿಲ್ಲ.

ಮೆನು ಓದಲು ಬರಲಿಲ್ಲ. ಇಂಗ್ಲಿಷ್ ಅಕ್ಷರವೇ, ಮಾತು ಮಾತ್ರ ಬೇರೆ. ಪಕ್ಕದವಳು ತೋರಿಸಿದ್ದನ್ನೇ ನಾನೂ ತೋರಿಸಿದೆ. ಬಿಳಿ ಸಾಸಿನ ಪಾಸ್ತಾ ಬಂತು. ಅಂಟು ಅಂಟು, ಉಪ್ಪು ಕಮ್ಮಿ, ಒಡೆದ ಹಾಲಿನಂಥ ವಾಸನೆ. "ಸೂಪರ್" ಎಂದೆ, ಎಲ್ಲರ ಹಾಗೆ.

ಆಗ ವೇಟರ್ ಒಂದು ಪುಟ್ಟ ತಟ್ಟೆ ತಂದು ನನ್ನ ಮುಂದೆ — ನನ್ನೊಬ್ಬಳ ಮುಂದೆ — ಇಟ್ಟ. ಹಸಿಮೆಣಸಿನಕಾಯಿ, ಚಿಟಿಕೆ ಕಲ್ಲುಪ್ಪು, ಒಂದು ಈರುಳ್ಳಿ.

"ನಾನು ಕೇಳಿಲ್ವಲ್ಲ" ಎಂದೆ.

"ಒಳಗಿನಿಂದ ಕೊಟ್ಟದ್ದು ಚೇಚಿ" ಎಂದ. ಸುಲ್ತಾನ್ ಬತ್ತೇರಿ ಕಡೆಯ ಹುಡುಗ, ಬಿಜು ಅಂತ ಹೆಸರು, ಅಕ್ಕ ಎನ್ನುವುದಕ್ಕೆ ಚೇಚಿ, ಅಣ್ಣ ಎನ್ನುವುದಕ್ಕೆ ಚೇಟ ಎನ್ನುತ್ತಿದ್ದ.

ಆಫೀಸಿನವರು ನಕ್ಕರು. "ಇದೇನ್ರೀ, ಪಾಸ್ತಾಗೆ ಉಪ್ಪಿನಕಾಯಿ ಒಂದು ಬಾಕಿ." ನಾನೂ ನಕ್ಕೆ. ಆದರೆ ಕಣ್ಣು ಆ ತಟ್ಟೆ ಬಿಟ್ಟು ಕದಲಲಿಲ್ಲ. ಆ ಈರುಳ್ಳಿಯನ್ನು ಯಾರೂ ಚಾಕುವಿನಲ್ಲಿ ಹೆಚ್ಚಿರಲಿಲ್ಲ. ಸಿಪ್ಪೆ ಸಮೇತ ನೆಲಕ್ಕಿಟ್ಟು, ಮುಷ್ಟಿ ಕಟ್ಟಿ, ಒಂದೇ ಏಟಿಗೆ ಗುದ್ದಿ ಒಡೆದಿದ್ದರು. ಮುದ್ದೆಯ ಜೊತೆ ನಮ್ಮಲ್ಲಿ ತಿನ್ನುವ ಹಾಗೆ. ಒಡೆದ ಮೇಲೆ ನಡುವಿನ ಮೊಳಕೆಯನ್ನು ಕಿತ್ತು ತೆಗೆದಿದ್ದರು. ನನಗೆ ಅದು ಕಹಿ ಎಂದು ಚಿಕ್ಕಂದಿನಿಂದ ತೆಗೆದುಕೊಡುತ್ತಿದ್ದವನು ಈ ಲೋಕದಲ್ಲಿ ಒಬ್ಬನೇ.

ಅಡುಗೆಮನೆಗೂ ನಾವು ಕೂತ ಹಜಾರಕ್ಕೂ ನಡುವೆ ಗಾಜಿನ ಗೋಡೆ. ಆಚೆ ಸೌದೆ ಒಲೆಯೊಂದು ಬಾಯಿ ತೆರೆದು ಕೆಂಪಗೆ ಉರಿಯುತ್ತಿತ್ತು. ಉದ್ದ ಹಿಡಿಯ ಹಲಗೆಯ ಮೇಲೆ ಪಿಜ್ಜಾ ಇಟ್ಟು ಒಬ್ಬ ಒಳಗೆ ತಳ್ಳುತ್ತಿದ್ದ, ನನಗೆ ಬೆನ್ನು ಮಾಡಿಕೊಂಡು. ತಳ್ಳುವ ಮೊದಲು ಹಿಟ್ಟಿನ ಒಂದು ಚೂರು ಚಿವುಟಿ ಬೆಂಕಿಗೆ ಹಾಕಿದ. ಅವ್ವ ಮೊದಲ ರೊಟ್ಟಿ ತಟ್ಟುವ ಮುಂಚೆ ಒಲೆಗೆ ಹಾಕುತ್ತಿದ್ದಳಲ್ಲ, ಹಾಗೆಯೇ. ಗಾಜಿನಲ್ಲಿ ನನ್ನ ಮುಖದ ನೆರಳು ಬಿದ್ದಿತ್ತು. ಅವನು ತಿರುಗಿದ. ನನ್ನ ಮುಖದ ಮೇಲೆಯೇ ಅವನ ಮುಖ ಬಂದು ಕೂತಿತು.

ಕಿರುಚಲಿಲ್ಲ. ಎದ್ದು ಓಡಲಿಲ್ಲ. ಸತ್ತವನು ಎದುರು ನಿಂತಾಗ ನಾನು ಏನು ಮಾಡಿದೆ ಗೊತ್ತಾ — ಆಫೀಸಿನವರು ಯಾರಾದರೂ ಗಮನಿಸಿದರಾ ಎಂದು ನೋಡಿದೆ. ತಲೆಗೆ ಟೊಪ್ಪಿ, ಏಪ್ರನ್ನಿನ ಮೇಲೆಲ್ಲ ಕೆಂಪು ಸಾಸಿನ ಕಲೆ, ಒಲೆ ಉರಿಸುವವನು — ಇವನು ನನ್ನ ಅಣ್ಣ ಎಂದು ಇವರಿಗೆ ಹೇಗೆ ಹೇಳಲಿ? ಮೊದಲು ಬಂದ ಯೋಚನೆ ಅದು, ಅತ್ತಿಗೆ. ನೀನು ಎರಡನೆಯದಾಗಿ ಬಂದೆ.

ಮಾರನೆಯ ಭಾನುವಾರ ಒಬ್ಬಳೇ ಹೋದೆ. ಹಿಂದಿನ ಗಲ್ಲಿಯಲ್ಲಿ ಗ್ಯಾಸ್ ಸಿಲಿಂಡರುಗಳ ಪಕ್ಕ ಈರುಳ್ಳಿ ಮೂಟೆಯ ಮೇಲೆ ಕೂತಿದ್ದ. ಆ ಈರುಳ್ಳಿ ಗುಂಡ್ಲುಪೇಟೆಯದೇ. ಊರಿನಿಂದ ಅರವತ್ತು ಕಿಲೋಮೀಟರು, ಆದರೂ ನಮ್ಮವರು ಯಾರೂ ಕಾಲಿಡದ ಜಾಗ. ಅದಕ್ಕಿಂತ ದೊಡ್ಡ ಕಾಡು ಅವನಿಗೆ ಎಲ್ಲಿ ಸಿಕ್ಕೀತು. ಅಲ್ಲಿ ಅವನ ಹೆಸರು ರಾಜು.

"ಸಂಬಳ್ದೋಳಾಗ್ಬುಟ್ಟೆ ಕಣಮ್ಮಿ" ಎಂದ. ಮೊದಲ ಮಾತೇ ಅದು. ಅಳು ಬಂತು ನನಗೆ. ಅವನು ಅಳಲಿಲ್ಲ.

ಅವ್ವನನ್ನು ಕೇಳಿದ, ಅಪ್ಪನನ್ನು ಕೇಳಿದ. ನಿನ್ನ ಹೆಸರೆತ್ತಲಿಲ್ಲ. ನಾನೇ ಹೇಳಿದೆ, "ಅತ್ಗೆ ದಿನಾ ನಿನ್ ತಟ್ಟೆ ತೊಳ್ದಿಕ್ತಾಳೆ."

ಮೂಟೆಯ ದಾರ ಎಳೆಯುತ್ತ ಅಂದ, "ಅವ್ಳು ಒಳ್ಳೇವ್ಳು ಕಣ. ಅಪ್ಪ ಕಟ್ಟು ಅಂದ, ಕಟ್ಬುಟ್ಟೆ. ದಿನಾ ಬೆಳಿಗ್ಗೆದ್ದು ಆ ಮಖ ನೋಡ್ತಿದ್ರೆ, ಏನೋ ಸುಳ್ ಯೇಳ್ತಾ ಇವ್ನಿ ಅನ್ಸೋದು. ಅವತ್ತು ಗಾಡಿ ನಿಲ್ಸಿ ಒಂದಕ್ಕೆ ಇಳ್ದೆ. ತಿರ್ಗ ಗಾಡಿಗ್ ಕೈ ಇಕ್ನಿಲ್ಲ. ಅಷ್ಟೇಯ."

ಅಷ್ಟೇಯ. ನಿನ್ನ ಬದುಕು ಒಡೆದುಹೋದದ್ದಕ್ಕೆ ಕಾರಣ ಕೇಳಿದರೆ ನನ್ನ ಹತ್ತಿರ ಇರುವುದು ಅಷ್ಟೇ. ಇನ್ನೊಬ್ಬಳಿರಲಿಲ್ಲ, ಕುಡಿತ ಇರಲಿಲ್ಲ. ಇದ್ದಿದ್ದರೆ ನಿನಗೆ ಬೈಯುವುದಕ್ಕಾದರೂ ಏನಾದರೂ ಸಿಗುತ್ತಿತ್ತು.

"ಯಾರ್ಗೂ ಯೇಳ್ಬ್ಯಾಡ ಕಣಮ್ಮಿ" ಎಂದ. "ನಾನ್ ಸತ್ತೋಗಿವ್ನಿ ಅಂತ್ಲೇ ಇರ್ಲಿ."

ನಾನು ಮಾತು ಕೊಟ್ಟೆ. ಮಾತು ಕೊಟ್ಟಿದ್ದೆ, ಅದಕ್ಕೇ ಹೇಳಲಿಲ್ಲ — ಹೀಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೊಟ್ಟ ಮಾತು ನನಗೆ ಅನುಕೂಲವಾಗಿತ್ತು.

ಅಲ್ಲಿಂದ ಮುಂದೆ ತಿಂಗಳಿಗೊಂದು ಭಾನುವಾರ ಹೋಗುತ್ತಿದ್ದೆ. ಗಾಜಿನ ಗೋಡೆಯ ಎದುರಿನ ಎರಡು ಕುರ್ಚಿಯ ಮೇಜು. ಬಿಜು ಕೇಳದೆಯೇ ಎರಡು ತಟ್ಟೆ ಇಡುತ್ತಿದ್ದ, ಎದುರಿನದು ಖಾಲಿ. ಒಂದು ತಟ್ಟೆ ಸಾಕು ಎಂದು ಒಮ್ಮೆಯೂ ಹೇಳಲಿಲ್ಲ ನಾನು. ಪಿಜ್ಜಾ ತಿನ್ನುವುದು ಕಲಿತೆ. ತುಳಸಿಯಂಥ ಆ ಎಲೆಯ ವಾಸನೆ ಹಿಡಿಸಿತು. ಕೊನೆಗೆ ಪುಟ್ಟ ತಟ್ಟೆ ಬರುತ್ತಿತ್ತು — ಗುದ್ದಿದ ಈರುಳ್ಳಿ, ಮೊಳಕೆ ತೆಗೆದದ್ದು. ಅದು ಬಂತೆಂದರೆ ಚೆನ್ನಾಗಿದ್ದೀನಿ ಎಂದರ್ಥ. ನಾನು ಪೂರ್ತಿ ತಿಂದರೆ ಊರಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದರ್ಥ. ಒಂದು ಸಲವೂ ನಾನು ಉಳಿಸಲಿಲ್ಲ. ನೀನು ಊಟ ಬಿಟ್ಟು ಮಲಗಿದ್ದ ತಿಂಗಳಲ್ಲೂ ಉಳಿಸಲಿಲ್ಲ.

ಇನ್ನೊಂದು ಹೇಳಬೇಕು. ನನಗೆ ಅದು ಇಷ್ಟವಾಗುತ್ತಿತ್ತು. ಅವ್ವನಿಗಿಲ್ಲದ ಮಗ, ನಿನಗಿಲ್ಲದ ಗಂಡ, ನನಗೆ ಮಾತ್ರ ಅಣ್ಣನಾಗಿ ಗಾಜಿನ ಹಿಂದೆ ಇದ್ದ. ನನ್ನೊಬ್ಬಳಿಗೇ.

ಅವನು ಹೋದ ಮೂರನೆಯ ವರ್ಷ, ಹಿರಿಯರಿಗೆ ಎಡೆ ಇಡುವ ಮಾರ್ಲಮಿ ಅಮಾವಾಸ್ಯೆಯ ಹಬ್ಬ ಹತ್ತಿರ ಬಂತು. ಊರಿಗೆ ಹೋಗಿದ್ದೆ. ಜಗಲಿಯ ಮೇಲೆ ಅಪ್ಪ, ಅವ್ವ, ಚಿಕ್ಕಪ್ಪ. ನೀನು ಬಾಗಿಲ ಹಿಂದೆ ನಿಂತಿದ್ದೆ.

ಚಿಕ್ಕಪ್ಪ ಶುರು ಮಾಡಿದ. "ಮೂರ್ ವರ್ಸಾಯ್ತು. ಕಾಡ್ ಪಾಲಾದೋನು, ಎಲೆ ಇಲ್ದೆ ನೀರಿಲ್ದೆ ಎಷ್ಟ್ ದಿನ ಅಂತ ಅಲೀತಾನೆ? ಈ ಸರ್ತಿ ಅವ್ನಿಗೊಂದ್ ಎಲೆ ಆಕ್ಬುಡನ."

ಬಾಗಿಲ ಹಿಂದಿನಿಂದ ನೀನು ಅಂದೆ, "ಆಕ್ಬ್ಯಾಡಿ. ಅವ್ರು ಬದ್ಕವ್ರೆ."

"ಎಲ್ಲವ್ನಮ್ಮಿ? ತೋರ್ಸು ಮತ್ತೆ" ಎಂದ ಚಿಕ್ಕಪ್ಪ.

"ಎಲ್ಲೋ ಅವ್ರೆ. ಅವ್ರು ಉಂಡಾಗ ನಂಗ್ ಗೊತ್ತಾಯ್ತದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ನನ್ನ ಕಡೆ ತಿರುಗಿದ. "ಸುಮಿ, ನೀ ಓದ್ದೋಳು. ನೀನೇನಂದೀಯೆ?"

ನನ್ನ ಮಾತು ನಡೆಯುವ ಮನೆ ಅದು. ಅಪ್ಪ ಹೆಬ್ಬೆಟ್ಟು ಒತ್ತುವ ಮುಂಚೆ ಕಾಗದ ಓದಿ ಹೇಳುತ್ತಿದ್ದವಳು ನಾನು. ನಾನು ಬೇಡ ಎಂದಿದ್ದರೆ ಎಲೆ ಬೀಳುತ್ತಿರಲಿಲ್ಲ. ಅಣ್ಣನ ಗುಟ್ಟು ಒಡೆಯದೆಯೇ, ಇನ್ನೂ ಸ್ವಲ್ಪ ವರ್ಷ ಕಾಯೋಣ ಎಂದಿದ್ದರೂ ಸಾಕಿತ್ತು. ಆದರೆ ಆ ಹೊತ್ತಿಗೆ ನನ್ನ ಮದುವೆಯ ಮಾತುಕತೆ ನಡೆಯುತ್ತಿತ್ತು. ಗಂಡಿನ ಮನೆಯವರು ಎರಡು ಸಲ ಕೇಳಿದ್ದರು — ಹುಡುಗಿಯ ಅಣ್ಣ ಏನಾದ? ಹೆಂಡತಿಯನ್ನು ಬಿಟ್ಟು ಓಡಿಹೋದ ಅಣ್ಣನಿಗಿಂತ ಸತ್ತ ಅಣ್ಣ ಮದುವೆಗೆ ಅನುಕೂಲ.

"ಹಾಕ್ಬಿಡಿ ಅಪ್ಪ" ಎಂದೆ. ಓದಿದವಳ ಹಾಗೆ, ಚೊಕ್ಕವಾಗಿ.

ನೀನು ಬಾಗಿಲು ದಾಟಿ ಬಂದು ನನ್ನ ಮುಖ ನೋಡಿದೆ.

ಹಬ್ಬದ ದಿನ ಒಳಗೋಣೆಯಲ್ಲಿ ಮೂರು ಎಲೆ ಬಿತ್ತು. ತಾತನಿಗೆ, ಅಜ್ಜಿಗೆ, ಅಣ್ಣನಿಗೆ. ಅವರವರಿಗೆ ಏನೇನು ಆಗುತ್ತಿತ್ತೋ ಅದು: ತಾತನಿಗೆ ಬೀಡಿ, ಅಜ್ಜಿಗೆ ಎಲೆಅಡಿಕೆ, ಅಣ್ಣನಿಗೆ ಮುದ್ದೆ, ಕೋಳಿಸಾರು, ಹೊಸ ಟವೆಲ್ಲು. ಈರುಳ್ಳಿ ಗುದ್ದಿ ಇಡು ಎಂದು ಅವ್ವ ನಿನಗೆ ಹೇಳಿದಳು. ನೀನು ಇಡೀ ಈರುಳ್ಳಿಯನ್ನು ಎಲೆಯ ತುದಿಗಿಟ್ಟೆ. "ಅವ್ರು ಸತ್ತಿದ್ರೆ ಬಂದು ಅವ್ರೇ ಗುದ್ಕೊಳ್ಲಿ" ಎಂದೆ.

ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚಿ ಚಿಲಕ ಹಾಕಿ ಎಲ್ಲರೂ ಜಗಲಿಗೆ ಬಂದು ಕೂತೆವು. ಹಿರಿಯರು ಉಣ್ಣುವ ಹೊತ್ತು. ಯಾರೂ ಮಾತಾಡುವ ಹಾಗಿಲ್ಲ. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ನನಗೆ ಮೈಸೂರಿನ ಆ ಗಾಜಿನ ಗೋಡೆ ನೆನಪಾಗುತ್ತಿತ್ತು. ಅಲ್ಲಿ ಆ ಹೊತ್ತಿಗೆ ಅವನು ಬೆಂಕಿಯ ಮುಂದೆ ನಿಂತಿರುತ್ತಾನೆ, ಬೆವರು ಒರೆಸಿಕೊಳ್ಳುತ್ತ. ಇಲ್ಲಿ ಅವನ ಎಲೆಯ ಮುಂದೆ ಯಾರು ಕೂತಿದ್ದಾರೆ? ಬದುಕಿರುವವನಿಗೆ ಎಲೆ ಹಾಕಿದರೆ ಅದನ್ನು ಉಣ್ಣಲು ಯಾರು ಬರುತ್ತಾರೆ...

ಅಪ್ಪ ಮೂರು ಸಲ ಬಾಗಿಲು ತಟ್ಟಿ ತೆಗೆದ. ಈರುಳ್ಳಿ ಇಟ್ಟ ಹಾಗೆಯೇ ಇತ್ತು. ನೀನು ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡೆ. ನಿನ್ನ ಮುಖದಲ್ಲಿ ಗೆದ್ದ ಕಳೆಯಿತ್ತು.

ಮುಂದಿನ ಭಾನುವಾರ ಗಲ್ಲಿಯಲ್ಲಿ ಅವನಿಗೆ ಹೇಳಿದೆ. ಹೇಳಬಾರದಿತ್ತು. ಮೊದಲು ನಕ್ಕ. "ಏನೇನ್ ಇಕ್ಕಿದ್ರಮ್ಮಿ ನಂಗೆ?" ಎಂದು ಕೇಳಿದ. ಹೇಳಿದೆ. "ಈರುಳ್ಳಿ ಗುದ್ನಿಲ್ವಾ? ಮತ್ ನಾನ್ ಎಂಗ್ ತಿನ್ಲಿ?" ಎಂದು ಇನ್ನೂ ಜೋರಾಗಿ ನಕ್ಕ. ಆಮೇಲೆ ನಗು ನಿಂತಿತು. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಯಾವತ್ತು ಅಂದೆ, ಅಮಾಸೆ ದಿನವಾ?" ಎಂದ. "ಊಂ" ಎಂದೆ. "ಅವತ್ತಿಂದ ಕಣಮ್ಮಿ... ಅಸಿವೇ ಆಯ್ತಾ ಇಲ್ಲ."

"ಒಲೆ ಮುಂದೆ ನಿಂತು ನಿಂತು ಹೊಟ್ಟೆ ಕೆಟ್ಟಿರುತ್ತೆ, ಡಾಕ್ಟರಿಗೆ ತೋರಿಸು" ಎಂದೆ. ನಾನು ಡಿಗ್ರಿ ಮಾಡಿದವಳು. ಇಂಥದ್ದನ್ನೆಲ್ಲ ನಂಬುವುದಿಲ್ಲ. ಆಗ ನಂಬುತ್ತಿರಲಿಲ್ಲ, ಈಗ — ಇರಲಿ.

ಎಲೆ ಬಿದ್ದ ಮೇಲೆ ಊರಿನ ಬಾಯಿ ನಿನ್ನ ಕಡೆ ತಿರುಗಿತು. "ಗಂಡ ಎಡೆ ಉಣ್ತಾವ್ನೆ, ಇವ್ಳು ಕುಂಕುಮ ಇಕ್ಕವ್ಳೆ" ಎಂದರು ಬಾವಿಕಟ್ಟೆಯಲ್ಲಿ. ನಿನ್ನ ಅಪ್ಪ ಬಂದು, ಮನೆಗೆ ಕರೆದುಕೊಂಡು ಹೋಗಿ ಇನ್ನೊಂದು ಕಡೆ ಕೂಡಾವಳಿ, ಮರುಮದುವೆ, ಮಾಡಿಕೊಡುತ್ತೇನೆ, ಒಳ್ಳೆಯ ಕಡೆ ಇದೆ ಎಂದು ಬೇಡಿಕೊಂಡ. "ಗಂಡ ಇರೋಳ್ಗೆ ಎಂಥ ಕೂಡಾವಳಿ" ಎಂದು ನೀನು ಎದ್ದುಹೋದೆ. ಬುದ್ಧಿ ಪಲ್ಲಟವಾಗಿದೆ ಎಂದು ನಿನ್ನನ್ನು ಕೊಳ್ಳೇಗಾಲದ ಕಡೆಯ ಮಂತ್ರವಾದಿಯೊಬ್ಬನ ಹತ್ತಿರ ಕರೆದುಕೊಂಡು ಹೋದರು. ಬೇವಿನ ಸೊಪ್ಪಿನಲ್ಲಿ ಹೊಡೆದು ತಾಯತ ಕಟ್ಟಿದ. ಆ ದಿನ ಜೊತೆಗೆ ನಾನೂ ಇದ್ದೆ. ನಿನ್ನ ತೋಳು ಹಿಡಿದುಕೊಂಡಿದ್ದೆ. ಆ ಜಾಗದಲ್ಲಿದ್ದವರಲ್ಲೆಲ್ಲ ನಿಜ ಹೇಳುತ್ತಿದ್ದವಳು ನೀನೊಬ್ಬಳೇ. ಅದು ಗೊತ್ತಿದ್ದವಳೂ ಒಬ್ಬಳೇ. ಅವಳು ನಿನ್ನ ತೋಳು ಬಿಡಲಿಲ್ಲ.

ಎರಡನೆಯ ವರ್ಷವೂ ಈರುಳ್ಳಿ ಇಡಿಯಾಗಿಯೇ ಉಳಿಯಿತು.

ಅಷ್ಟರಲ್ಲಿ ನನಗೆ ಸರ್ಕಾರಿ ಕೆಲಸವಾಯಿತು, ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತೆ. ಮದುವೆಯೂ ಆಯಿತು. ಗಂಡ ಒಳ್ಳೆಯವರು, ಭಾನುವಾರ ಒಬ್ಬಳೇ ಮೈಸೂರಿಗೆ ಹೋಗುತ್ತೇನೆ ಎಂದರೆ ಯಾಕೆ ಎನ್ನುತ್ತಿದ್ದರು. ಯಾಕೆಂದು ಹೇಳಲಿ? ಹೋಗುವುದು ಕಮ್ಮಿಯಾಯಿತು. ಕೊನೆಯ ಸಲ ಹೋದಾಗ ಗಾಜಿನ ಹಿಂದೆ ಅವನು ಬಹಳ ಇಳಿದುಹೋಗಿದ್ದ. ಏಪ್ರನ್ನಿನ ದಾರ ಸೊಂಟಕ್ಕೆ ಎರಡು ಸುತ್ತು ಬಂದಿತ್ತು. ಕಣ್ಣು ಅರಿಸಿನ ಬಣ್ಣ — ಒಲೆಯ ಬೆಳಕು ಎಂದುಕೊಂಡೆ. ಈರುಳ್ಳಿ ಬಂತು. ಒಡೆದಿತ್ತು, ಆದರೆ ಒಂದೇ ಏಟಿಗಲ್ಲ. ಎರಡು ಮೂರು ಸಲ ಗುದ್ದಿದ ಗುರುತಿತ್ತು. ನೋಡಿಯೂ ತಿಂದು ಎದ್ದು ಬಂದೆ. ಆಮೇಲೆ ಮೂರು ತಿಂಗಳು ಹೋಗಲಿಲ್ಲ.

ಮೂರನೆಯ ಮಾರ್ಲಮಿ. ಅದೇ ಒಳಗೋಣೆ, ಅದೇ ಮೂರು ಎಲೆ. ಅವನ ಎಲೆಗೆ ಈರುಳ್ಳಿ ಇಟ್ಟವಳು ನೀನು. ಪಕ್ಕದಲ್ಲಿ ನಿಂತು ನಾನು ನೋಡಿದ್ದೇನೆ. ಇಡೀ ಈರುಳ್ಳಿ, ಸಿಪ್ಪೆ ಕೂಡ ಸುಲಿದಿರಲಿಲ್ಲ. ಅಪ್ಪ ಚಿಲಕ ಹಾಕಿದ. ನಾವೆಲ್ಲ ಜಗಲಿಯಲ್ಲಿ ಕೂತೆವು, ನೀನು ನನ್ನ ಎಡಕ್ಕೆ, ಮೊಣಕೈ ತಾಗುವಷ್ಟು ಹತ್ತಿರ. ಯಾರೂ ಎದ್ದು ಹೋಗಲಿಲ್ಲ. ಆ ಕೋಣೆಗೆ ಇನ್ನೊಂದು ಬಾಗಿಲಿಲ್ಲ. ಬೆಳಕಿಗೆ ಅಂಗೈಯಗಲದ ಒಂದು ಗವಾಕ್ಷಿ, ಅಷ್ಟೇ.

ಒಳಗೆ ಒಂದು ಸದ್ದಾಯಿತು. ದೊಡ್ಡದಲ್ಲ. ಮಣ್ಣಿನ ನೆಲಕ್ಕೆ ಮುಷ್ಟಿ ಬಿದ್ದ ಹಾಗೆ, ಒಂದು ಸಲ.

ಅವ್ವ ತಲೆ ಎತ್ತಿದಳು. ಅಪ್ಪ ಬೆರಳು ತುಟಿಗಿಟ್ಟುಕೊಂಡ. ಬೀದಿಯಲ್ಲಿ ಯಾವುದೋ ಲಾರಿ ಹೋಯಿತು. ನಿನ್ನ ಮೊಣಕೈ ತಣ್ಣಗಾದದ್ದು ನನ್ನ ಚರ್ಮಕ್ಕೆ ಗೊತ್ತಾಯಿತು.

ಬಾಗಿಲು ತೆಗೆದಾಗ ತಾತನ ಎಲೆ ಇದ್ದ ಹಾಗೇ ಇತ್ತು, ಅಜ್ಜಿಯದೂ. ಅಣ್ಣನ ಎಲೆಯಲ್ಲಿ ಈರುಳ್ಳಿ ಒಡೆದಿತ್ತು. ಒಂದೇ ಏಟು. ನಡುವಿನ ಮೊಳಕೆ ಬೇರೆಯಾಗಿ, ಎಲೆಯ ಹೊರಗೆ, ನಾನು ನಿಂತ ಕಡೆಗೆ ಬಿದ್ದಿತ್ತು.

"ನನ್ ಮಗ ಬಂದ" ಎಂದು ಅವ್ವ ನೆಲಕ್ಕೆ ಹಣೆ ಹಚ್ಚಿದಳು. ಸಂತೋಷದಿಂದ ಅತ್ತಳು. ಇಷ್ಟು ವರ್ಷ ಅಲೆದವನು ಕೊನೆಗೂ ಎಲೆಗೆ ಬಂದನಲ್ಲ ಎಂದು.

ಬೆಕ್ಕು ಇರಬಹುದು, ಹೆಂಚು ಜಾರಿ ಬಿದ್ದಿರಬಹುದು. ಹೀಗೆಲ್ಲ ನೂರು ಸಲ ಹೇಳಿಕೊಂಡಿದ್ದೇನೆ. ಹೆಂಚಿನ ಚೂರು ಇರಲಿಲ್ಲ. ಬೆಕ್ಕು ಮೊಳಕೆ ಬಿಡಿಸುವುದಿಲ್ಲ.

ನೀನು ಅಳಲಿಲ್ಲ. ಹಿತ್ತಲಿಗೆ ಹೋಗಿ, ಯಾರೂ ಹೇಳದೆ, ಒಗೆಯುವ ಕಲ್ಲಿಗೆ ಕೈ ಕುಟ್ಟಿ ಬಳೆ ಒಡೆದುಕೊಂಡೆ. ಕುಂಕುಮ ಒರೆಸಿಕೊಂಡೆ. ಊರೆಲ್ಲ ಸೇರಿ ಎರಡು ವರ್ಷ ಹೇಳಿದರೂ ಮಾಡದಿದ್ದದ್ದನ್ನು. ನಾನು ಹಿಂದೆಯೇ ಬಂದೆ. ನಿನ್ನ ಮಣಿಕಟ್ಟಿನಲ್ಲಿ ರಕ್ತ ಜಿನುಗುತ್ತಿತ್ತು. ನೀನು ನನ್ನನ್ನು ನೋಡಿ ಮೆಲ್ಲಗೆ ಕೇಳಿದೆ,

"ಇಷ್ಟ್ ದಿನ ಇದ್ರು ಅಲ್ವೇನಮ್ಮಿ? ನಿಂಗ್ ಗೊತ್ತಿತ್ತಾ?"

"ಇಲ್ಲ" ಎಂದೆ.

ಆ ಒಂದು ಮಾತಿಗಾಗಿ ಇಷ್ಟೆಲ್ಲ ಬರೆಯುತ್ತಿದ್ದೇನೆ ಅತ್ತಿಗೆ. ಎಲೆ ಹಾಕಿಸಿದ್ದು ದೊಡ್ಡ ತಪ್ಪು. ಆದರೆ ಅವತ್ತು ಹಿತ್ತಲಿನಲ್ಲಿ, ಎಲ್ಲವೂ ಮುಗಿದ ಮೇಲೆ, ಯಾರಿಗೂ ಯಾವ ಲಾಭವೂ ಇಲ್ಲದಿದ್ದಾಗ ಇಲ್ಲ ಎಂದೆನಲ್ಲ... ಅದಕ್ಕೆ ಹೆಸರಿಲ್ಲ.

ಮಾರನೆಯ ದಿನವೇ ಮೈಸೂರಿಗೆ ಹೋದೆ. ಅದೇ ಮೇಜಿಗೆ ಕೂತೆ. ಗಾಜಿನ ಹಿಂದೆ ಒಲೆ ಉರಿಯುತ್ತಿತ್ತು. ಮುಂದೆ ಬೇರೆ ಯಾರೋ. ಹಿಟ್ಟಿನ ಚೂರು ಬೆಂಕಿಗೆ ಹಾಕಲಿಲ್ಲ ಅವನು. ಬಿಜು ಬಂದ. ಒಂದೇ ತಟ್ಟೆ ಇಟ್ಟ.

"ರಾಜು ಚೇಟ ಹೋಯಿತು ಚೇಚಿ. ಕಾಮಾಲೆ. ಕೊನೆಯ ವಾರ ನೀರು ಕೂಡ ಸೇರಲಿಲ್ಲ."

"ಯಾವಾಗ?"

"ಅಮಾವಾಸ್ಯೆಯ ತಲೇ ದಿವಸ, ಬೆಳಿಗ್ಗೆ." ಎಂದರೆ ಹಿಂದಿನ ದಿನ. ನಾವು ಎಲೆ ಹಾಕುವ ಒಂದು ದಿನ ಮುಂಚೆ. "ಊರಲ್ಲಿ ಯಾರೂ ಇಲ್ಲಾ ಅಂತ ಹೇಳಿದ್ದರು ಅಲ್ಲಾ. ನಾವು ಮೂರು ಜನ ಸೇರಿ ಮಾಡಿದೆವು. ಬೂದಿ ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಟ್ಟೆವು." ಲೋಟಕ್ಕೆ ನೀರು ಸುರಿಯುತ್ತ ಕೇಳಿದ, "ಚೇಚಿಗೆ ಅವರು ಯಾರು?"

ಅಲ್ಲೂ ನಾನು — "ಪರಿಚಯದವರು" ಎಂದೆ.

ಪಾಸ್ತಾ ಬಂತು. ತಿನ್ನಲಾಗಲಿಲ್ಲ. ಅವತ್ತಿನಿಂದ ಯಾವ ಹೋಟೆಲಿನಲ್ಲಿ ಕೂತರೂ ಎದುರಿನ ಕುರ್ಚಿಯ ಕಡೆ ನೋಡುವುದಿಲ್ಲ.

ಅಪ್ಪ, ಅವ್ವ ಈಗಿಲ್ಲ. ಅವರಿಗೂ ಎಲೆ ಬೀಳುತ್ತದೆ. ಅವರಿಗೆ ಅಲ್ಲಿ ಎಲ್ಲ ಗೊತ್ತಾಗಿರುತ್ತದೆ. ನೀನು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೀಯೆ. ತಲೆ ಪೂರ್ತಿ ನೆರೆತಿದೆ. ನಾನು ಬಂದಾಗಲೆಲ್ಲ ಮುದ್ದೆ ಹಾಕಿ, ಈರುಳ್ಳಿಯನ್ನು ಚಾಕುವಿನಲ್ಲಿ ತೆಳ್ಳಗೆ ಹೆಚ್ಚಿ ಇಡುತ್ತೀಯೆ. ಯಾಕೆ ಗುದ್ದುವುದಿಲ್ಲ ಎಂದು ನಾನು ಕೇಳುವುದಿಲ್ಲ. ನೀನು ಹೇಳುವುದಿಲ್ಲ. ಇಬ್ಬರೂ ಉಣ್ಣುತ್ತೇವೆ.

ನಿನಗೆ ಓದಲು ಬಾರದು. ಓದು ಬಾರದವಳಿಗೆ ಪುಟಗಟ್ಟಲೆ ಬರೆಯುವುದು — ಅದೂ ಬಚ್ಚಿಡುವ ಒಂದು ದಾರಿಯೇ ಎಂದು ಅರ್ಧ ಬರೆದ ಮೇಲೆ ಹೊಳೆಯಿತು. ಆದ್ದರಿಂದ ಇದನ್ನು ಅಂಚೆಗೆ ಹಾಕುವುದಿಲ್ಲ. 'ಓದ್ದೋಳು' ಎಂದು ಆ ಮನೆಯಲ್ಲಿ ನನಗೆ ಕೊಟ್ಟ ಬೆಲೆಗೆ ಈ ಒಂದು ಕಾಗದವನ್ನಾದರೂ ಸರಿಯಾಗಿ ಓದಬೇಕು. ಈ ಮಾರ್ಲಮಿಗೆ ಬರುತ್ತೇನೆ. ಎಲೆಗಳೆಲ್ಲ ಬಿದ್ದ ಮೇಲೆ, ಬಾಗಿಲು ಮುಚ್ಚುವ ಮೊದಲು, ನಿನ್ನನ್ನು ಅವನ ಎಲೆಯ ಎದುರು ಕೂರಿಸಿ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಅವನೂ ಕೇಳಿಸಿಕೊಳ್ಳಲಿ. ಆಮೇಲೆ ನೀನು ಹೊರಗೆ ಹೋಗು ಎಂದರೆ ಹೋಗುತ್ತೇನೆ. ಆ ಹೊಸಿಲು ಮತ್ತೆ ತುಳಿಯಬೇಡ ಎಂದರೆ ತುಳಿಯುವುದಿಲ್ಲ.

ನೀನು ಇನ್ನೊಮ್ಮೆ ಕೇಳುವುದು ಬೇಡ. ಹಿತ್ತಲಿನಲ್ಲಿ ಕೇಳಿದ್ದೇ ಸಾಕು.

ಗೊತ್ತಿತ್ತು, ಅತ್ತಿಗೆ.